ಎರಡು ಟೆರೇಸ್ ನಡುವಿನ ವೈಫೈ ಬ್ರಿಡ್ಜ್ ಪದೇ ಪದೇ ಕಟ್ ಆಗುತ್ತಿದೆ, ಅನುಭವ ಇದ್ದವರು ಹೇಳಿ

ಬಸವೇಶ್ವರನಗರ (ಕೇಳುತ್ತಿರುವವರು):

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಇರುವ ಹಳೇ ಮನೆ ನಮ್ಮ ಹಿಂದಿನ ಕ್ರಾಸ್‌ನಲ್ಲಿದೆ. ಟೆರೇಸ್ ಮೇಲೆ ನಿಂತರೆ ಆ ಟೆರೇಸ್ ಕಾಣುತ್ತದೆ, ಸುಮಾರು ನೂರು ಮೀಟರ್ ಇರಬಹುದು. ಫೈಬರ್ ಕನೆಕ್ಷನ್ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಅಲ್ಲಿಗೆ ಇನ್ನೊಂದು ಯಾಕೆ ಅಂತ ಜನವರಿಯಲ್ಲಿ 5 ಗಿಗಾಹರ್ಟ್ಜ್ ಬ್ರಿಡ್ಜ್ (ಒಂದು ಮನೆಯ ನೆಟ್ಟನ್ನು ಗಾಳಿಯಲ್ಲೇ ಇನ್ನೊಂದು ಮನೆಗೆ ದಾಟಿಸುವ ಸಾಧನ) ಒಂದು ಜೋಡಿ ತಂದು ಎರಡೂ ಕಡೆ ಪೈಪ್‌ಗೆ ಕಟ್ಟಿಸಿದೆವು. ಶುರುವಿನಲ್ಲಿ ಚೆನ್ನಾಗಿತ್ತು. ಈಗ ದಿನಕ್ಕೆ ಹಲವು ಸಲ ಕಟ್. ಬಹಳಷ್ಟು ಸಲ ಒಂದೆರಡು ನಿಮಿಷಕ್ಕೆ ತಾನೇ ವಾಪಸ್ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ, ಅಪ್ಪ ಅಡಾಪ್ಟರ್ ಆಫ್ ಮಾಡಿ ಆನ್ ಮಾಡಬೇಕು. ಮಳೆ ಬಂತು ಅಂದರೆ ಮುಗಿದೇ ಹೋಯಿತು. ಚಾನೆಲ್ (ಸಿಗ್ನಲ್ ಹೋಗುವ ದಾರಿ) ಆಟೋದಲ್ಲಿದೆ, ಬ್ರಿಡ್ಜೇ ಆರಿಸಿಕೊಳ್ಳುತ್ತದೆ. ಫರ್ಮ್‌ವೇರ್ ಅಪ್‌ಡೇಟ್, ರೀಸೆಟ್ ಎಲ್ಲ ಮಾಡಿ ಆಗಿದೆ. ಅಂಗಡಿಯವರು ಇದಕ್ಕಿಂತ ದೊಡ್ಡ ಮಾಡೆಲ್ ತಗೊಳ್ಳಿ ಅನ್ನುತ್ತಿದ್ದಾರೆ. ತಗೊಳ್ಳಲಾ?

ವಿಜಯನಗರ:

ದೊಡ್ಡ ಮಾಡೆಲ್ ಈಗಲೇ ಬೇಡ ಸರ್. ಇಂಥವನ್ನು ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಅಂತಲೇ ಮಾಡಿರುತ್ತಾರೆ. ನೂರು ಮೀಟರ್‌ಗೆ ನಿಮ್ಮ ಹತ್ತಿರ ಇರುವುದೇ ಧಾರಾಳ ಆಯಿತು. ಕಟ್ ಆಗುತ್ತಿರುವುದು ಏನು ಅಂತ ಗೊತ್ತಾಗುವವರೆಗೆ ದುಡ್ಡು ಬಿಚ್ಚಬೇಡಿ. "ನೆಟ್ ಹೋಯಿತು" ಅಂತ ನಾವೆಲ್ಲ ಒಂದೇ ಮಾತಲ್ಲಿ ಹೇಳುತ್ತೇವೆ. ಆದರೆ ನಿಮ್ಮ ಅಪ್ಪನ ಮನೆಯಿಂದ ಹೊರಗಿನ ಇಂಟರ್ನೆಟ್‌ವರೆಗೆ ನಾಲ್ಕು ಕೊಂಡಿ ಇವೆ. ಯಾವುದು ಕಳಚುತ್ತಿದೆ ಅಂತ ನೋಡಬೇಕು, ಅಲ್ವಾ?

ಒಂದು ಲ್ಯಾಪ್‌ಟಾಪ್ ತಗೊಂಡು ಅಪ್ಪನ ಮನೆಗೆ ಹೋಗಿ. ವೈಫೈಗೆ ಅಲ್ಲ, ಕೇಬಲ್‌ಗೇ ಸಿಕ್ಕಿಸಿ. ನಾಲ್ಕು ವಿಂಡೋ ತೆರೆದು ನಾಲ್ಕು ಕಡೆಗೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತಿದೆಯಾ ಅಂತ ನೋಡುವ ಕಮಾಂಡ್) ಹಾಕಿ ಬಿಡಿ: ಅಲ್ಲಿನ ಬ್ರಿಡ್ಜ್, ನಿಮ್ಮ ಮನೆಯ ಬ್ರಿಡ್ಜ್, ನಿಮ್ಮ ಮನೆಯ ರೂಟರ್, ಕೊನೆಗೆ 8.8.8.8 (ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ವಿಳಾಸ). ವಿಂಡೋಸ್ ಆದರೆ ವಿಳಾಸದ ನಂತರ ಮೈನಸ್ ಟಿ (-t) ಸೇರಿಸಿ, ನೀವು ನಿಲ್ಲಿಸುವವರೆಗೂ ಓಡುತ್ತಿರುತ್ತದೆ. ಆಮೇಲೆ ಕಟ್ ಆಗುವುದಕ್ಕೆ ಕಾಯಿರಿ.

ಅಲ್ಲಿನ ಬ್ರಿಡ್ಜೇ ಉತ್ತರ ಕೊಡುವುದು ನಿಲ್ಲಿಸಿದರೆ ರೇಡಿಯೋ ತಂಟೆ ಅಲ್ಲ, ಕರೆಂಟ್ ಅಥವಾ ಕೇಬಲ್. ಅದು ಸರಿ ಇದ್ದು ನಿಮ್ಮ ಕಡೆಯ ಬ್ರಿಡ್ಜ್ ಸಿಗದಿದ್ದರೆ, ನಡುವಿನ ಗಾಳಿಯಲ್ಲೇ ಏನೋ ಆಗುತ್ತಿದೆ, ಅಥವಾ ನಿಮ್ಮ ಟೆರೇಸ್‌ನದ್ದು ಆಫ್ ಆಗುತ್ತಿದೆ. ಎರಡೂ ಬ್ರಿಡ್ಜ್ ಸಿಕ್ಕು ರೂಟರ್ ಸಿಗದಿದ್ದರೆ ನಿಮ್ಮ ಮನೆಯೊಳಗಿನ ಕೇಬಲ್ ನೋಡಿ. ರೂಟರ್‌ವರೆಗೂ ಸರಿ ಇದ್ದು 8.8.8.8 ಮಾತ್ರ ನಿಂತರೆ ಪಾಪ ಬ್ರಿಡ್ಜ್‌ನ ತಪ್ಪೇ ಇಲ್ಲ, ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ.

ಜೊತೆಗೆ ಒಂದು ಹಾಳೆಯಲ್ಲಿ ಕಟ್ ಆದ ಸಮಯ ಬರೆಯಿರಿ. ಅಪ್ಪನಿಗೇ ಈ ಕೆಲಸ ಒಪ್ಪಿಸಿ, ಹಿರಿಯರು ಇಂಥದ್ದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಸರಿಯಾಗಿ ಗಂಟೆಗೊಮ್ಮೆ ಹೋಗುತ್ತಿದ್ದರೆ ಸೆಟ್ಟಿಂಗ್ ತಂಟೆ ಇರಬಹುದು. ಬಹಳ ಸಾಧನಗಳಲ್ಲಿ ವೈಫೈನ ಗ್ರೂಪ್ ಕೀ (ಎಲ್ಲ ಸಾಧನಗಳೂ ಹಂಚಿಕೊಳ್ಳುವ ಗುಟ್ಟಿನ ಸಂಕೇತ) 3600 ಸೆಕೆಂಡಿಗೆ ಒಮ್ಮೆ ಬದಲಾಗುತ್ತದೆ, ಆ ಹೊತ್ತಿಗೆ ಕೆಲವು ಬ್ರಿಡ್ಜ್‌ಗಳು ಎಡವುತ್ತವೆ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಅಂದರೆ ಅಕ್ಕಪಕ್ಕದವರ ವೈಫೈ ಗದ್ದಲ. ಯಾವ ಲೆಕ್ಕಕ್ಕೂ ಸಿಗದ ಹಾಗೆ ಹೋಗುತ್ತಿದ್ದರೆ ಕನೆಕ್ಟರ್ ಮೇಲೆ ಅನುಮಾನ ಪಡಿ.

ಯಲಹಂಕ:

ನೀವು ಬರೆದದ್ದರಲ್ಲಿ ನನಗೆ ತಟ್ಟನೆ ಕಂಡದ್ದು "ಆಟೋ" ಮತ್ತು "ಒಂದೆರಡು ನಿಮಿಷಕ್ಕೆ ತಾನೇ ವಾಪಸ್". ಇವೆರಡೂ ಜೊತೆಗಿದ್ದರೆ ಮೊದಲು ಡಿಎಫ್‌ಎಸ್ ನೋಡಿ, ಅಂದರೆ ರೇಡಾರ್‌ಗೆ ದಾರಿ ಬಿಟ್ಟು ವೈಫೈ ಚಾನೆಲ್ ಬದಲಿಸುವ ವ್ಯವಸ್ಥೆ.

5 ಗಿಗಾಹರ್ಟ್ಜ್‌ನಲ್ಲಿ 52ರಿಂದ 64 ಮತ್ತು 100ರಿಂದ 144ರ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅದಕ್ಕೇ ವೈಫೈ ಸಾಧನ ಅಲ್ಲಿ ಸದಾ ಕಿವಿ ತೆರೆದುಕೊಂಡಿರಬೇಕು. ರೇಡಾರ್ ಥರದ ಸಿಗ್ನಲ್ ಕೇಳಿಸಿದ ತಕ್ಷಣ ಆ ಚಾನೆಲ್ ಖಾಲಿ ಮಾಡಬೇಕು, ಅರ್ಧ ಗಂಟೆ ಮತ್ತೆ ಅಲ್ಲಿಗೆ ಬರಬಾರದು. ಹೊಸದಾಗಿ ಹೋಗುವ ಚಾನೆಲ್ ಕೂಡ ಇದೇ ಗುಂಪಿನದ್ದಾದರೆ, ಅಲ್ಲಿ ಕನಿಷ್ಠ 60 ಸೆಕೆಂಡ್ ಸುಮ್ನೆ ಕೇಳಿಸಿಕೊಂಡು ಆಮೇಲೆ ಮಾತು ಶುರು ಮಾಡಬೇಕು. ನಿಮ್ಮ ಒಂದೆರಡು ನಿಮಿಷ ಅಲ್ಲೇ ಹೋಗುತ್ತಿರಬಹುದು. ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಜಕ್ಕೂರು, ನಮ್ಮ ಯಲಹಂಕದ ವಾಯುನೆಲೆ ಅಂತ ವಿಮಾನ ಏರಿಳಿಯುವ ಜಾಗಗಳಿಗೆ ಬರವಿಲ್ಲ. ಆದರೆ ನಿಜವಾದ ರೇಡಾರ್ ಇರಲೇಬೇಕು ಅಂತಲೂ ಇಲ್ಲ. ಬೇರೆ ಗದ್ದಲ ಕೇಳಿ ಅದೇ ರೇಡಾರ್ ಅಂತ ಬೆಚ್ಚಿಬೀಳುವ ಸಾಧನಗಳೂ ಇವೆ. ನಮ್ಮ ಮನೆಯದ್ದು ಅಂಥದ್ದೇ.

ಬ್ರಿಡ್ಜ್‌ನ ಲಾಗ್ ಪುಟ (ಆದದ್ದನ್ನೆಲ್ಲ ಅದು ಬರೆದಿಡುವ ಪುಟ) ತೆರೆದು ನೋಡಿ, ರೇಡಾರ್ ಅನ್ನುವ ಸಾಲು ಇರಬಹುದು. ಆಟೋ ತೆಗೆದು 149, 153, 157, 161 ಇವುಗಳಲ್ಲಿ ಕಡಿಮೆ ಗದ್ದಲ ಇರುವುದಕ್ಕೆ ಗಟ್ಟಿ ಮಾಡಿ. ಚಾನೆಲ್‌ನ ಅಗಲ 80 ಮೆಗಾಹರ್ಟ್ಜ್ ಇದ್ದರೆ 40ಕ್ಕೋ 20ಕ್ಕೋ ಇಳಿಸಿ. ಸ್ಪೀಡ್ ಟೆಸ್ಟ್‌ನಲ್ಲಿ ನಂಬರ್ ಕಡಿಮೆ ಕಾಣುತ್ತದೆ. ಕಾಣಲಿ ಬಿಡಿ, ಅಮ್ಮನ ಧಾರಾವಾಹಿಗೆ 20 ಮೆಗಾಹರ್ಟ್ಜ್ ಸಾಕು. ಸೆಟ್ಟಿಂಗ್‌ನಲ್ಲಿ ದೇಶ ಅನ್ನುವ ಕಡೆ ಭಾರತ ಅಂತಲೇ ಇದೆಯಾ ನೋಡಿಕೊಳ್ಳಿ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5725ರಿಂದ 5875 ಮೆಗಾಹರ್ಟ್ಜ್ ಸೇರಿದಂತೆ 5 ಗಿಗಾಹರ್ಟ್ಜ್ ಪಟ್ಟೆಯ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ. ನಾನು ಹೇಳಿದ 149ರಿಂದ 161ರ ಚಾನೆಲ್‌ಗಳು ಇದರೊಳಗೇ ಬರುತ್ತವೆ, ಯಾರನ್ನೂ ಕೇಳಬೇಕಾಗಿಲ್ಲ.

ನಾಗರಭಾವಿ:

ನಾನು ಸಿಸಿಟಿವಿ, ನೆಟ್‌ವರ್ಕ್ ಕೇಬಲ್ ಕೆಲಸ ಮಾಡುವವನು. ಅಡಾಪ್ಟರ್ ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತದೆ ಅಂದರೆ ನಾನು ಮೊದಲು ನೋಡುವುದು ಕೇಬಲ್.

ಬ್ರಿಡ್ಜ್‌ನ ಮೊದಲ ಪುಟದಲ್ಲಿ ಅಪ್‌ಟೈಮ್ ಅಂತ ಇರುತ್ತದೆ, ಆನ್ ಆಗಿ ಎಷ್ಟು ಹೊತ್ತಾಯಿತು ಅಂತ. ಕಟ್ ಆಗಿ ತಾನೇ ವಾಪಸ್ ಬಂದ ಮೇಲೆ ಅದು ಸೊನ್ನೆಯಿಂದ ಶುರುವಾಗಿದ್ದರೆ ಬ್ರಿಡ್ಜ್ ರೀಸ್ಟಾರ್ಟ್ ಆಗಿದೆ, ಕರೆಂಟ್ ಸರಿಯಾಗಿ ಮೇಲೆ ಹೋಗುತ್ತಿಲ್ಲ. ಎಣಿಕೆ ಹಾಗೇ ಮುಂದುವರಿದಿದ್ದರೆ ಕೇಬಲ್ ಬಿಟ್ಟು ರೇಡಿಯೋ ಕಡೆ ನೋಡಿ. ಎರಡೂ ಕಡೆಯದ್ದನ್ನು ನೋಡಬೇಕು.

ಇಂಥ ಬ್ರಿಡ್ಜ್‌ಗಳಿಗೆ ಕರೆಂಟ್ ಹೋಗುವುದು ಅದೇ ಲ್ಯಾನ್ ಕೇಬಲ್‌ನಲ್ಲಿ. ಬಹಳಷ್ಟಕ್ಕೆ 24 ವೋಲ್ಟ್. ಮಾರ್ಕೆಟ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಕೇಬಲ್ ಒಳಗೆ ಅಲ್ಯೂಮಿನಿಯಂ ತಂತಿ, ಮೇಲೆ ಮಾತ್ರ ತಾಮ್ರದ ಲೇಪ. ಡೇಟಾ ಹೇಗೋ ಹೋಗುತ್ತದೆ. ವೋಲ್ಟೇಜ್ ಮಾತ್ರ ಮೇಲೆ ತಲುಪುವ ಹೊತ್ತಿಗೆ ಇಳಿದಿರುತ್ತದೆ. ಬ್ರಿಡ್ಜ್ ಜಾಸ್ತಿ ಡೇಟಾ ಕಳಿಸಲು ಹೋದಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಅಲ್ಲಿಗೆ ಕುಸಿಯುತ್ತದೆ. ಪತ್ತೆ ಮಾಡುವುದು ಸುಲಭ. ತುದಿಯಲ್ಲಿ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಆ ಕೇಬಲ್ ಕಿತ್ತು ಬಿಸಾಕಿ. ಎಸ್‌ಪಿ ರೋಡ್‌ನಲ್ಲಿ ಶುದ್ಧ ತಾಮ್ರದ ಹೊರಾಂಗಣ ಕೇಬಲ್ ಅಂತ ಬಾಯಿಬಿಟ್ಟು ಕೇಳಿ, ಅಲ್ಲೇ ಕೆರೆದು ನೋಡಿ ತಗೊಳ್ಳಿ. ಕೊಡುವವರು ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಾಂಗಣದ ಬೂದು ಕೇಬಲ್ ಟೆರೇಸ್ ಬಿಸಿಲಿಗೆ ಬಿರುಕು ಬಿಡುತ್ತದೆ, ಕಪ್ಪು ಹೊದಿಕೆಯದ್ದೇ ಬೇಕು.

ಆಮೇಲೆ ಮೇಲಿನ ಕನೆಕ್ಟರ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಬಣ್ಣದ ಎಂಟು ಪಿನ್‌ಗಳಲ್ಲಿ ಒಂದೆರಡರ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ನೀರು ಇಳಿದಿದೆ. ಹೊಸ ಕನೆಕ್ಟರ್ ಹಾಕಿಸಿ. ಬ್ರಿಡ್ಜ್‌ನೊಳಗಿನ ಸಾಕೆಟ್‌ನಲ್ಲೂ ಟಾರ್ಚ್ ಬಿಟ್ಟು ನೋಡಿ. ಕೇಬಲ್ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹತ್ತಿ ಬ್ರಿಡ್ಜ್‌ಗೆ ಸೇರಬೇಕು, ಸೇರುವ ಮುಂಚೆ ಒಂದು ಬಳುಕು ಕೆಳಗೆ ಜೋತು ಬಿಟ್ಟಿರಬೇಕು. ಆಗ ನೀರು ಆ ಬಳುಕಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ. ಕೆಲವರು ಸಂದಿಗೆ ಸಿಲಿಕೋನ್ ತುಂಬುತ್ತಾರೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ಹಾಕಬೇಡಿ.

ಇನ್ನೊಂದು ಎಚ್ಚರಿಕೆ. ಅಡಾಪ್ಟರ್ ಹಾಳಾಗಿದೆ ಅಂತ 48 ವೋಲ್ಟ್‌ನದ್ದು ತಂದು ಸಿಕ್ಕಿಸಬೇಡಿ. ಬ್ರಿಡ್ಜ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ.

ಗಿರಿನಗರ:

ನಾನೊಂದು ಬೇರೆ ಮಾತು ಹೇಳುತ್ತೇನೆ. ಅಪ್ಪನ ಮನೆಗೆ ಬೇರೆ ಕನೆಕ್ಷನ್ ಹಾಕಿಸಿಬಿಡಿ. ಟೆರೇಸ್ ಹತ್ತಿ ಇಳಿಯುವುದು ತಪ್ಪುತ್ತದೆ.

ಮಲ್ಲೇಶ್ವರ:

ಗಿರಿನಗರದವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೂ ಮಳೆ ವಿಷಯಕ್ಕೆ ಯಾರೂ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೂರು ಮೀಟರ್ ದೂರದಲ್ಲಿ 5 ಗಿಗಾಹರ್ಟ್ಜ್ ಸಿಗ್ನಲ್‌ಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಎಷ್ಟೇ ಜೋರು ಮಳೆ ಬಂದರೂ ಬರೀ ಗಾಳಿಯಲ್ಲಿ ಬೀಳುವ ನೀರಿನಿಂದ ಕಟ್ ಆಗಬಾರದು. ಮಳೆಗೆ ಕಟ್ ಆಗುತ್ತದೆ ಅಂದರೆ ಒಂದೋ ಕನೆಕ್ಟರ್‌ಗೆ ನೀರು ಹೋಗುತ್ತಿದೆ, ಇಲ್ಲಾ ನಡುವೆ ಮರ ಇದೆ. ಒದ್ದೆ ಎಲೆ ಸಿಗ್ನಲ್ ಕುಡಿದುಬಿಡುತ್ತದೆ.

ನೀವು ಜನವರಿಯಲ್ಲಿ ಕಟ್ಟಿಸಿದ್ದು ಅಂದಿರಿ. ನಡುವೆ ಹೊಂಗೆ ಮರ ಏನಾದರೂ ಇದೆಯಾ? ಎಲೆ ಉದುರುವ ಕಾಲದಲ್ಲಿ ನೋಡಿದರೆ ಆಚೆ ಟೆರೇಸ್ ನಿಚ್ಚಳವಾಗಿ ಕಾಣುತ್ತದೆ. ಯುಗಾದಿ ಹೊತ್ತಿಗೆ ಚಿಗುರಿ ಮುಚ್ಚಿಕೊಳ್ಳುತ್ತದೆ. ನಮ್ಮ ರಸ್ತೆಯಲ್ಲಿ ಆದದ್ದು ಇದೇ. "ಕಾಣುತ್ತದಲ್ಲ, ಸಾಕು" ಅನ್ನುವುದೂ ಪೂರ್ತಿ ಸರಿಯಲ್ಲ. ಸಿಗ್ನಲ್ ದಾರದ ಹಾಗೆ ನೇರ ಗೆರೆಯಲ್ಲಿ ಹೋಗುವುದಿಲ್ಲ, ಸೌತೆಕಾಯಿಯ ಹಾಗೆ ನಡುವೆ ದಪ್ಪ ಇರುತ್ತದೆ. ಇದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. ನೂರು ಮೀಟರ್‌ಗೆ, 5.8 ಗಿಗಾಹರ್ಟ್ಜ್‌ಗೆ, ಸರಿ ನಡುವೆ ಆ ಗೆರೆಯ ಸುತ್ತಲೂ ಸುಮಾರು 1.1 ಮೀಟರ್. ಅದರಲ್ಲಿ ಶೇಕಡಾ 60 ಭಾಗವಾದರೂ ಖಾಲಿ ಇರಬೇಕು. ಅಂದರೆ ಗೆರೆಯಿಂದ ಸುಮಾರು ಎರಡೂಕಾಲು ಅಡಿ ಆಚೆಗೆ ಕೊಂಬೆ ಇರಬೇಕು. ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್, ಹೊಸದಾಗಿ ಎದ್ದ ಲಿಫ್ಟ್ ರೂಮ್, ಒಣಗಲು ಹಾಕಿದ ಒದ್ದೆ ಬೆಡ್‌ಶೀಟ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ದಯವಿಟ್ಟು ಕೊಂಬೆ ಕಡಿಯಲು ಹೊರಡಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಗಳ ಅನುಮತಿ ಬೇಕು. ಅನುಮತಿ ಸಿಕ್ಕರೂ ವೈಫೈಗಾಗಿ ಮರ ಕಡಿಯುವುದು ನನಗಂತೂ ಸರಿ ಕಾಣುವುದಿಲ್ಲ. ಬ್ರಿಡ್ಜನ್ನೇ ಸರಿಸಿ.

ಜಯನಗರ:

ಎರಡು ಚಿಕ್ಕ ವಿಷಯ. ಅಪ್ಪನ ಮನೆಯಲ್ಲಿ ವೈಫೈ ಕೊಡಲು ಹಳೇ ರೂಟರ್ ಹಾಕಿದ್ದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹರಡುವ ಕೆಲಸಕ್ಕೆ) ಹಾಕಿ, ಡಿಎಚ್‌ಸಿಪಿ (ಪ್ರತಿ ಸಾಧನಕ್ಕೂ ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಇಬ್ಬರು ಯಜಮಾನರು ಐಪಿ ಹಂಚಲು ನಿಂತರೆ ಒಂದು ಫೋನ್‌ಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಬ್ರಿಡ್ಜ್‌ಗಳಿಗೆ 192.168.1.2 ಮತ್ತು 3 ಅಂತ ಖಾಯಂ ವಿಳಾಸ ಕೊಟ್ಟು, ರೂಟರ್ ಹಂಚುವ ಪಟ್ಟಿಯನ್ನು 50ರಿಂದ ಶುರು ಮಾಡಿ. ಇಲ್ಲದಿದ್ದರೆ ಮನೆಗೆ ಬಂದ ನೆಂಟರ ಫೋನ್‌ಗೆ ಬ್ರಿಡ್ಜ್‌ನ ವಿಳಾಸವೇ ಹೋಗಿ ಕೂತುಬಿಡಬಹುದು.

ಎರಡನೆಯದು, ಸಿಗ್ನಲ್ ತೀರಾ ಜಾಸ್ತಿ ಇದ್ದರೂ ತೊಂದರೆ. ಮೈನಸ್ 50ರಿಂದ ಮೈನಸ್ 65 ಡಿಬಿಎಂ (ಸಿಗ್ನಲ್‌ನ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು) ಇದ್ದರೆ ಚೆನ್ನ. ಮೈನಸ್ 30ರ ಆಸುಪಾಸು ಬಂದರೆ ಎದುರು ಮನೆಯವರು ಕಿವಿಯ ಹತ್ತಿರ ಕೂಗಿದ ಹಾಗೆ, ಪವರ್ ಇಳಿಸಿ. ಅಂಗಡಿಯವರ "ದೊಡ್ಡ ಮಾಡೆಲ್" ತಂದಿದ್ದರೆ ಇದೊಂದು ಹೊಸ ತಲೆನೋವು ಸೇರಿಕೊಳ್ಳುತ್ತಿತ್ತು.

ಬಸವೇಶ್ವರನಗರ (ಕೇಳಿದವರು):

ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಪಟ್ಟಿ ಬರೆದರು, ಪಂಚಾಂಗದ ಹಿಂದಿನ ಖಾಲಿ ಪುಟದಲ್ಲಿ, ಸಮಯದ ಪಕ್ಕ ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತಲೂ ಸೇರಿಸಿ. ಅದರಿಂದಲೇ ಅರ್ಧ ಬಗೆಹರಿಯಿತು.

ತಾನೇ ವಾಪಸ್ ಬರುತ್ತಿದ್ದ ಕಟ್‌ಗಳೆಲ್ಲ ರೇಡಾರ್. ಲಾಗ್ ತುಂಬ ಅದೇ ಸಾಲು. 157ಕ್ಕೆ ಹಾಕಿ ಅಗಲ 40 ಮಾಡಿದ ಮೇಲೆ ಅವು ನಿಂತಿವೆ. ಆಫ್ ಆನ್ ಮಾಡಬೇಕಾದವುಗಳ ಪಕ್ಕ ಅಪ್ಪ ಪ್ರತಿಸಲ "ಮೋಟರ್" ಅಂತ ಬರೆದಿದ್ದರು. ಬೆಳಿಗ್ಗೆ ಸಂಪ್‌ನಿಂದ ಟ್ಯಾಂಕ್‌ಗೆ ನೀರು ಹತ್ತಿಸಲು ಮೋಟರ್ ಹಾಕಿದ ಕೂಡಲೇ ಅಲ್ಲಿನ ಬ್ರಿಡ್ಜ್ ಸತ್ತು ಹೋಗುತ್ತಿತ್ತು. ಕೇಬಲ್ ಕೆರೆದು ನೋಡಿದೆ, ಒಳಗೆ ಬೆಳ್ಳಗೆ. ಮೊದಲೇ ಕಡಿಮೆ ತಲುಪುತ್ತಿದ್ದ ವೋಲ್ಟೇಜ್ ಮೋಟರ್ ಎಳೆದಾಗ ಪೂರ್ತಿ ಕುಸಿಯುತ್ತಿತ್ತು ಅನ್ನಿಸುತ್ತದೆ. ತಾಮ್ರದ ಕೇಬಲ್ ಹಾಕಿಸಿ, ಅಡಾಪ್ಟರನ್ನು ಯುಪಿಎಸ್ ಲೈನ್‌ಗೆ ಬದಲಾಯಿಸಿದ್ದೇವೆ. ಈಗ ಮೋಟರ್ ಹಾಕಿದರೂ ಏನೂ ಆಗುವುದಿಲ್ಲ.

ಮಳೆಯದ್ದು ಉಳಿದಿದೆ. ಮಲ್ಲೇಶ್ವರದವರು ಹೇಳಿದ ಹಾಗೆ ಹೊಂಗೆ ಮರವೇ. ಒಣಗಿದ್ದಾಗ ಮೈನಸ್ 61 ತೋರಿಸುತ್ತದೆ, ಮಳೆ ನಿಂತ ಮೇಲೂ ಎಲೆ ಆರುವವರೆಗೆ ಮೈನಸ್ 78ರ ಹತ್ತಿರ ಒದ್ದಾಡುತ್ತದೆ. ನಮ್ಮ ಕಡೆ ಪೈಪ್ ಎತ್ತರ ಮಾಡಬೇಕು. ಎಷ್ಟು ಎತ್ತರಿಸಬಹುದು? ಎರಡೂ ಕಡೆ ಎತ್ತರಿಸಬೇಕಾ?

ನಾಗರಭಾವಿ:

ಮರ ಯಾರ ಮನೆಗೆ ಹತ್ತಿರ ಇದೆಯೋ ಆ ಕಡೆ ಎತ್ತರಿಸಿದರೆ ಜಾಸ್ತಿ ಲಾಭ. ಎತ್ತರಿಸುವ ಮುಂಚೆ ಟೆರೇಸ್‌ನ ಬೇರೆ ಮೂಲೆಗಳಿಂದ ಒಮ್ಮೆ ನೋಡಿ, ಕೆಲವು ಸಲ ಹತ್ತು ಅಡಿ ಪಕ್ಕಕ್ಕೆ ಸರಿದರೆ ಮರವೇ ದಾರಿ ಬಿಡುತ್ತದೆ. ಎತ್ತರಿಸಲೇಬೇಕು ಅಂದರೆ ಒಂದೂವರೆ ಇಂಚಿನ ಜಿಐ ಪೈಪ್ ತಗೊಳ್ಳಿ, ಗೋಡೆಗೆ ಎರಡು ಕಡೆ ಕ್ಲಾಂಪ್ ಹಾಕಿಸಿ. ಪ್ಯಾರಾಪೆಟ್‌ನಿಂದ ಮೇಲೆ ಹತ್ತು ಅಡಿ ದಾಟಿದರೆ ಮೂರು ಕಡೆ ಸ್ಟೇ ವೈರ್ ಎಳೆಸಿ. ಗಾಳಿಗೆ ಪೈಪ್ ಓಲಾಡಿದರೂ ಸಿಗ್ನಲ್ ಕಟ್ ಆಗುತ್ತದೆ. ಪೈಪ್‌ಗೆ ಅರ್ಥಿಂಗ್ ಬೇಕೇ ಬೇಕು. ಪಕ್ಕದಲ್ಲಿ ಕರೆಂಟ್ ಲೈನ್ ಹೋಗಿದ್ದರೆ, ಪೈಪ್ ಬಿದ್ದರೂ ಅದಕ್ಕೆ ತಾಗದಷ್ಟು ದೂರದಲ್ಲಿ ನಿಲ್ಲಿಸಿ. ನಿಲ್ಲಿಸುವಾಗ ಒಬ್ಬರೇ ಎತ್ತಬೇಡಿ.

ದಿಕ್ಕು ಹೊಂದಿಸಲು ಅಪ್ಪನನ್ನು ಫೋನ್‌ನಲ್ಲಿ ಕೂರಿಸಿ ಸಿಗ್ನಲ್ ನಂಬರ್ ಓದಲು ಹೇಳಿ. ನಿಧಾನಕ್ಕೆ ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ. ನಂಬರ್ ಏರುತ್ತದೆ, ಇಳಿಯುತ್ತದೆ, ಕೆಲವು ಸಲ ಇನ್ನೊಮ್ಮೆ ಏರುತ್ತದೆ. ಎರಡರಲ್ಲಿ ಕಡಿಮೆ ಏರುವುದು ಆಂಟೆನಾದ ಪಕ್ಕಕ್ಕೆ ಸೋರುವ ದುರ್ಬಲ ಕಿರಣ, ಅದಕ್ಕೆ ನಿಲ್ಲಿಸಿದರೆ ಬಿಸಿಲಿನಲ್ಲಿ ಓಡುತ್ತದೆ, ಮಳೆಯಲ್ಲಿ ಮತ್ತೆ ಅದೇ ಕಥೆ. ಅದಕ್ಕೇ ಮೊದಲು ಸಿಕ್ಕ ಒಳ್ಳೇ ನಂಬರ್‌ಗೆ ಬೋಲ್ಟ್ ಬಿಗಿಯಬೇಡಿ. ಎಡ ಬಲ ಮುಗಿದ ಮೇಲೆ ಮೇಲೆ ಕೆಳಗೆ ನೋಡಿ. ಬಿಗಿಯುವಾಗಲೂ ಅಪ್ಪ ಲೈನ್‌ನಲ್ಲೇ ಇರಲಿ, ಬೋಲ್ಟ್ ತಿರುಗುವಾಗ ಮೂರು ನಾಲ್ಕು ಡಿಬಿ ಜಾರುವುದು ಮಾಮೂಲು.