ಅಪ್‌ಡೇಟ್: ಜಿಗ್‌ಸಾದಿಂದ ಕೊಯ್ದ ದೇವರ ಕೋಣೆಯ ಕಮಾನು

ಬಾಗಲಕೋಟೆಯ ನವನಗರದ ನಮ್ಮ ಮನೆಯ ದೇವರ ಕೋಣೆಗೆ ಜಿಗ್‌ಸಾದಿಂದ (ಕಿರಿದಾದ ಬ್ಲೇಡ್ ಮೇಲೆ-ಕೆಳಗೆ ಆಡುವ ವಿದ್ಯುತ್ ಕೈಗರಗಸ) 18 ಮಿ.ಮೀ. ಪ್ಲೈವುಡ್‌ನಲ್ಲಿ ಕಮಾನು ಕೊಯ್ಯುವಾಗ ಮೇಲ್ಪದರದಲ್ಲಿ ಸಿಬಿರು ಏಳುತ್ತಿದೆ, ತಿರುವಿನಲ್ಲಿ ಬ್ಲೇಡ್ ಓರೆಯಾಗುತ್ತಿದೆ ಎಂದು ಹೋದ ತಿಂಗಳು ನಿಮ್ಮನ್ನು ಕೇಳಿದ್ದೆ.

ನೀವು ತಿಳಿಸಿದಂತೆ, ಬ್ಲೇಡಿನ ಹಲ್ಲುಗಳು ಮೇಲ್ಮುಖವಾಗಿದ್ದು ಮೇಲೇಳುವಾಗಲೇ ಕೊಯ್ಯುವುದರಿಂದ, ಚೆಂದದ ಮುಖವನ್ನು ಕೆಳಗೆ ಮಾಡಿ ಹಿಂಬದಿಯಲ್ಲಿ ಗೆರೆ ಎಳೆದೆ. ಸಿಬಿರು ಬಹುಮಟ್ಟಿಗೆ ನಿಂತಿತು. ತಿರುವಿಗೆಂದು ಅಗಲ ಕಡಿಮೆಯಿರುವ, ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಬ್ಲೇಡನ್ನು ಹಿಂದೆ-ಮುಂದೆಯೂ ತೂಗಿಸುವ ಆರ್ಬಿಟಲ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬೇಡವಾದ ಭಾಗದಲ್ಲಿ ಅಂಚಿನಿಂದ ಗೆರೆಯವರೆಗೆ ಮೊದಲೇ ನಾಲ್ಕೈದು ಸೀಳು ಕೊಟ್ಟಿದ್ದರಿಂದ, ತುಂಡುಗಳು ಒಂದೊಂದಾಗಿ ಕಳಚಿ ಬಿದ್ದು ಬ್ಲೇಡಿಗೆ ಹೊರಳಲು ಜಾಗ ಸಿಕ್ಕಿತು. ಆದರೆ ಮುಖ್ಯ ತಪ್ಪು ನನ್ನ ಕೈಯಲ್ಲೇ ಇತ್ತು. ಬೇಗ ಮುಗಿಯಲೆಂದು ಯಂತ್ರವನ್ನು ಮುಂದಕ್ಕೆ ಒತ್ತುತ್ತಿದ್ದೆ. ಹಾಗೆ ಒತ್ತಿದಾಗ ಬ್ಲೇಡಿನ ತುದಿ ಒಳಗೇ ಬಾಗಿ, ಮೇಲೆ ಗೆರೆಯ ಮೇಲಿದ್ದರೂ ಕೆಳಗೆ 3 ಮಿ.ಮೀ. ಹೊರಗೆ ಸರಿದಿರುತ್ತಿತ್ತು.

ನಡುವಿನ ದೀಪದ ಗೂಡಿಗೆ 10 ಮಿ.ಮೀ. ರಂಧ್ರ ಕೊರೆದು, ಅದರೊಳಗೆ ಬ್ಲೇಡ್ ಇಳಿಸಿ ಆರಂಭಿಸಿದೆ. ನೇರ ಕಡಿತಕ್ಕೆ ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪ್‌ನಿಂದ ಬಿಗಿದದ್ದು ಸಾಕಾಯಿತು.

ನಮ್ಮ ಓಣಿಯ ಬಡಿಗ ಕಾಕಾ ಅವರು ಕಮಾನಿನ ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದು ನೋಡಿ, ಉಸುಕಿನ ಕಾಗದ ಒಂದು ಸುತ್ತು ಉಜ್ಜಿದರೆ ಸಾಕು ಎಂದರು.