ದೇವರಾಯನದುರ್ಗದ ಕಾಡಲ್ಲಿ ಒಂದು ರಾತ್ರಿ ಟೆಂಟ್ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಯಲಹಂಕದವರು. ನಾಲ್ಕು ಜನ ದೊಡ್ಡವರು, ಮೂರು ಮಕ್ಕಳು. ಜನವರಿ ಕೊನೆಯಲ್ಲಿ ದೇವರಾಯನದುರ್ಗದ ಕಾಡಲ್ಲಿ ಒಂದು ರಾತ್ರಿ ಇರೋಣ ಅಂತ ಎರಡು ಟೆಂಟ್ ಕೊಂಡಿದ್ದೇವೆ. ಎಲ್ಲಿ ಹಾಕಿದರೆ ಒಳ್ಳೆಯದು? ಬೆಂಕಿ ಹಾಕಿ ಕೂರೋಣ ಅಂತ ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ.

ಉತ್ತರ (ನಿವೃತ್ತ ಉಪ ವಲಯ ಅರಣ್ಯಾಧಿಕಾರಿ, ತುಮಕೂರು): ನಮಸ್ಕಾರ. ಮಕ್ಕಳನ್ನು ಕಾಡಿಗೆ ಕರೆದುಕೊಂಡು ಬರುತ್ತಿರುವುದು ತುಂಬಾ ಸಂತೋಷ. ಆದರೆ ಟೆಂಟನ್ನು ಕಾಡಿನ ಒಳಗೆ ಹಾಕಬೇಡಿ. ಹಗಲು ಕಾಡಲ್ಲಿ ಸುತ್ತಿ, ರಾತ್ರಿ ಕಾಡಿನ ಗಡಿಯಿಂದ ಹೊರಗೆ ಮಲಗಿ. ಇದು ಮೀಸಲು ಅರಣ್ಯ. ಅನುಮತಿ ಇಲ್ಲದೆ ಒಳಗೆ ಉಳಿಯುವುದು, ಬೆಂಕಿ ಹಚ್ಚುವುದು ಎರಡೂ ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ.

ಕಾನೂನು ಒಂದು ಕಡೆ ಇರಲಿ. ಇಲ್ಲಿ ಕರಡಿ ಇದೆ, ಚಿರತೆ ಇದೆ. ಕರಡಿ ಹಗಲೆಲ್ಲ ಬಂಡೆ ಸಂದಿಯಲ್ಲಿ ಮಲಗಿರುತ್ತದೆ. ಕತ್ತಲಾದ ಮೇಲೆ ಗೆದ್ದಲು, ಹಣ್ಣು ಹುಡುಕಿಕೊಂಡು ಇಳಿಯುತ್ತದೆ. ಅದಕ್ಕೆ ಕಣ್ಣು ಅಷ್ಟು ಚುರುಕಿಲ್ಲ. ತಲೆ ನೆಲಕ್ಕೆ ಹಾಕಿಕೊಂಡು ಮೂಸುತ್ತಾ ಬರುತ್ತದೆ, ಹತ್ತಿರಕ್ಕೆ ಬರುವ ತನಕ ಮನುಷ್ಯ ಇರುವುದೇ ಗೊತ್ತಾಗುವುದಿಲ್ಲ. ಗಾಬರಿಯಾದರೆ ಓಡಿಹೋಗುವ ಬದಲು ಮೇಲೆ ಬೀಳುತ್ತದೆ, ಮುಖಕ್ಕೇ ಬಾಯಿ ಹಾಕುತ್ತದೆ. ಮಕ್ಕಳು ರಾತ್ರಿ ಒಂದಕ್ಕೆ ಅಂತ ಟೆಂಟಿನಿಂದ ಎದ್ದು ಹೋಗುವ ಹೊತ್ತೂ, ಅದು ಓಡಾಡುವ ಹೊತ್ತೂ ಒಂದೇ.

ಪ್ರಶ್ನೆ: ಸುತ್ತ ಕಲ್ಲು ಇಟ್ಟು, ಕೊನೆಗೆ ನೀರು ಹಾಕಿ ಆರಿಸಿದರೂ ಬೆಂಕಿ ಅಪಾಯನಾ ಸರ್?

ಉತ್ತರ: ಹೌದು. ಒಂದು ಘಟನೆ ಹೇಳುತ್ತೇನೆ. ಆಗ ಮಾರ್ಚ್. ಯಾರೋ ರಾತ್ರಿ ಗುಡ್ಡದ ಇಳಿಜಾರಿನಲ್ಲಿ ಉಳಿದು ಹೋಗಿದ್ದರು. ನಾಲ್ಕು ಕಲ್ಲು ಇಟ್ಟಿದ್ದರು, ನೀರೂ ಹಾಕಿದ್ದರು. ಮೇಲಿನ ಬೂದಿ ಕೈಗೆ ತಣ್ಣಗೇ ಇತ್ತು. ಆದರೆ ಕೆಳಗೆ ಒಂದು ಒಣಗಿದ ದಿಂಡುಗದ ಬೇರು ಹೊಗೆಯಾಡುತ್ತಲೇ ಇತ್ತು. ಮಾರನೇ ದಿನ ಮಧ್ಯಾಹ್ನ ಗಾಳಿ ಎದ್ದಾಗ ಬೇರಿನ ತುದಿಯಿಂದ ಬೆಂಕಿ ಹುಲ್ಲಿಗೆ ಹತ್ತಿತು. ಸೊಂಟದೆತ್ತರದ ಬಾದೆ ಹುಲ್ಲು, ಪೂರ್ತಿ ಒಣಗಿದ್ದು. ಬೆಂಕಿ ಗುಡ್ಡ ಹತ್ತುವಾಗ ಇಳಿಯುವುದಕ್ಕಿಂತ ತುಂಬಾ ಜೋರಾಗಿ ಹೋಗುತ್ತದೆ. ನಾವು ಏಳು ಜನ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿದದ್ದೇ ಬಡಿದದ್ದು. ಆರಿದ ಮೇಲೆ ನೆಲ ನೋಡಿಕೊಂಡು ನಡೆಯುವಾಗ ಒಂದು ಪೊದೆ ಬುಡದಲ್ಲಿ ಗೌಜಲ ಹಕ್ಕಿಯ ಮೊಟ್ಟೆ ಕಾಣಿಸಿತು. ಆರು ಮೊಟ್ಟೆ, ಸಿಡಿದು ಕಪ್ಪಾಗಿದ್ದವು. ಅದು ಇವತ್ತಿಗೂ ನನ್ನ ಕಣ್ಣಮುಂದಿದೆ.

ನೀವು ಬರುವ ಜನವರಿ ಕೊನೆಗೆ ಹುಲ್ಲು ಒಣಗಿರುತ್ತದೆ. ಇಲಾಖೆಯವರು ಬೆಂಕಿ ರೇಖೆ (ಬೆಂಕಿ ಹರಡದ ಹಾಗೆ ಹುಲ್ಲು ತೆಗೆದ ಪಟ್ಟಿ) ಮಾಡಿ ಕಾವಲು ಕಾಯುವ ಕಾಲ ಅದು. ಕಾಡಲ್ಲಿ ಬೀಡಿ, ಸಿಗರೇಟು ಕೂಡ ಬೇಡ.

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ): ಸರ್, ಸ್ಕಂದಗಿರಿಗೆ ರಾತ್ರಿ ಹತ್ತಿ ಮೇಲೇ ಮಲಗಿ ಸೂರ್ಯೋದಯ ನೋಡುತ್ತಿದ್ದರಲ್ವಾ?

ಉತ್ತರ: ಮೊದಲು ಹಾಗೆ ಹೋಗುತ್ತಿದ್ದರು. ಈಗ ರಾತ್ರಿ ಚಾರಣಕ್ಕೂ ಮೇಲೆ ಮಲಗುವುದಕ್ಕೂ ಅವಕಾಶ ಇಲ್ಲ. ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಿಕೊಂಡು ಹೋಗಬೇಕು. ಸುಮಾರು 1,450 ಮೀಟರ್ ಎತ್ತರದ ಬೋಳು ಬಂಡೆ ಅದು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ತಕ್ಷಣ ಇಳಿಯಿರಿ. ಅಂಥ ಬಂಡೆ ಮೇಲೆ ಸಿಡಿಲಿಗೆ ಎತ್ತರದ ಗುರಿ ನೀವೇ. ಮಧುಗಿರಿ ಬೆಟ್ಟಕ್ಕೂ ಇದೇ ಮಾತು.

ಪ್ರಶ್ನೆ (ಕೋಲಾರದಿಂದ): ಅಂತರಗಂಗೆ ಬೆಟ್ಟದ ಗುಹೆಗಳ ಹತ್ತಿರ? ಇಲ್ಲವೇ ಕಾಮಸಮುದ್ರದ ಕಡೆ?

ಉತ್ತರ: ಗುಹೆಗಳನ್ನು ಹಗಲಲ್ಲೇ ನೋಡಿ, ದಾರಿ ಗೊತ್ತಿರುವ ಸ್ಥಳೀಯರ ಜೊತೆ. ಕಾಮಸಮುದ್ರದ ಕಡೆ ಟೆಂಟಿನ ಯೋಚನೆಯೇ ಬೇಡ. ತಮಿಳುನಾಡು, ಆಂಧ್ರ ಕಾಡುಗಳಿಂದ ಅಲ್ಲಿಗೆ ಆನೆಗಳು ಬರುತ್ತವೆ.

ಪ್ರಶ್ನೆ: ಹಾವಿನ ಭಯ ನಮ್ಮ ಮನೆಯವರಿಗೆ. ಟೆಂಟ್ ಸುತ್ತ ಉಪ್ಪು ಇಲ್ಲ ಬೆಳ್ಳುಳ್ಳಿ ಹಾಕಿದರೆ ಆಗುತ್ತಾ?

ಉತ್ತರ: ಅದರಿಂದ ಏನೂ ಆಗಲ್ಲ. ಟೆಂಟಿನ ಜಿಪ್ ಪೂರ್ತಿ ಎಳೆಯಿರಿ, ಅದೇ ದೊಡ್ಡ ರಕ್ಷಣೆ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಅಷ್ಟಾಗಿ ನೋವೇ ಇರುವುದಿಲ್ಲ, ಎಷ್ಟೋ ಜನ ಸೊಳ್ಳೆ ಅಂದುಕೊಂಡು ಮತ್ತೆ ಮಲಗಿಬಿಡುತ್ತಾರೆ. ಬೆಳಗ್ಗೆ ಹೊಟ್ಟೆನೋವು, ಕಣ್ಣು ರೆಪ್ಪೆ ಜೋತುಬೀಳುವುದು ಕಂಡರೆ ಗುರುತು ಹುಡುಕುತ್ತಾ ಕೂರಬೇಡಿ. ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಅವರನ್ನು ನಡೆಸದೆ, ಕೈಕಾಲು ಅಲ್ಲಾಡದ ಹಾಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ರಾತ್ರಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ಮೊದಲು ಕೇಳಿದವರು: ಸರ್, ಪ್ಲಾನ್ ಬದಲಾಯಿಸಿದೆವು. ಊರ್ಡಿಗೆರೆ ಹತ್ತಿರ ಪರಿಚಯದವರ ತೆಂಗಿನ ತೋಟ ಇದೆ, ಅಲ್ಲೇ ಟೆಂಟ್ ಹಾಕಿಕೊಳ್ಳಿ ಅಂದಿದ್ದಾರೆ. ನೆರಳು ಚೆನ್ನಾಗಿದೆ.

ಉತ್ತರ: ಬಹಳ ಒಳ್ಳೆಯದಾಯಿತು. ಆದರೆ ತೆಂಗಿನ ಮರದ ಕೆಳಗೆ ಮಾತ್ರ ಬೇಡ! ಒಂದು ಕಾಯಿ ಬಿದ್ದರೆ ಸಾಕು. ಒಣ ಗರಿಯೂ ಕಡಿಮೆ ಭಾರ ಇರಲ್ಲ. ರಾಗಿ ಒಕ್ಕಣೆ ಮುಗಿದಿದ್ದರೆ ಅವರ ಕಣ ಖಾಲಿ ಇರುತ್ತದೆ. ಗಟ್ಟಿ ನೆಲ, ಗುಡಿಸಿದ ಜಾಗ, ನಾಲ್ಕೂ ಕಡೆ ಕಾಣುತ್ತದೆ. ಅದನ್ನೇ ಕೇಳಿ. ಹುಲ್ಲಿನ ಮೆದೆಯಿಂದ ದೂರ ಇರಿ, ಅಲ್ಲಿ ಇಲಿ, ಇಲಿ ಹಿಂದೆ ಹಾವು. ತೋಟದ ನಾಯಿಯನ್ನು ರಾತ್ರಿ ಒಳಗೆ ಕಟ್ಟಿಸಿ. ಚಿರತೆ ಊರ ಅಂಚಿಗೆ ಬರುವುದೇ ಜಾಸ್ತಿ ನಾಯಿಗೋಸ್ಕರ.

ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಿ. ತೋಟದವರು ಒಪ್ಪಿದರೆ ಕಣದ ಮಧ್ಯೆ ಒಂದು ಹಳೇ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಬೆಂಕಿ ಮಾಡಿ, ಪಕ್ಕದಲ್ಲಿ ಎರಡು ಬಕೆಟ್ ನೀರು ಇಡಿ. ಅವರೆಕಾಯಿ ಕಾಲ ಅದು, ಸುಟ್ಟುಕೊಂಡು ತಿನ್ನಿ. ಮಲಗುವ ಮುಂಚೆ ಕೆಂಡಕ್ಕೆ ನೀರು ಹಾಕಿ, ಕಡ್ಡಿಯಿಂದ ಕೆದಕಿ, ಮತ್ತೆ ನೀರು ಹಾಕಿ. ಬೆಳಗಿನ ಜಾವ ಚಳಿ ಜೋರು. ಹೊದಿಕೆಗಿಂತ ಕೆಳಗೆ ಹಾಸುವುದು ದಪ್ಪ ಇರಲಿ, ನೆಲದಿಂದಲೇ ಥಂಡಿ ಏರುತ್ತದೆ.

ಬಿಸಿಲು ಹತ್ತಿದ ಮೇಲೆ ನಾಮದ ಚಿಲುಮೆಗೆ ಹೋಗಿ. ಬಂಡೆಯೊಳಗಿಂದ ನೀರು ಬರುವುದನ್ನು ಮಕ್ಕಳಿಗೆ ತೋರಿಸಿ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟ ಕತೆಯನ್ನೂ ಹೇಳಿ. ಆಮೇಲೆ ದುರ್ಗದ ಬಂಡೆ ಪೊದೆಗಳ ಹತ್ತಿರ ಒಂದು ಹತ್ತು ನಿಮಿಷ ಮಾತಾಡದೆ ಕೂರಿ. ಹಳದಿ ಕೊರಳಿನ ಪಿಕಳಾರ ಅಲ್ಲಿ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಸಿಗದ ಹಕ್ಕಿ. ತಿಂಡಿ ಚೀಲ ಮಾತ್ರ ಕಾರಿನಲ್ಲೇ ಬಿಡಿ, ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ.