ಬಾಣಂತಿಗೆ ಜಿನ್ನ್ ಹಿಡಿದಿದೆ ಅಂತಿದ್ದಾರೆ, ಏನು ಮಾಡಲಿ?

ಬಂದರ್‌ಹುಡುಗ: ಮಂಗಳೂರು, ಉಡುಪಿ ಕಡೆಯವರು ಇದ್ದರೆ ಬೇಗ ಹೇಳಿ. ನನ್ನ ಮಾವನ ಮಗಳಿಗೆ ಈಚೆಗೆ ಹೆರಿಗೆಯಾಯಿತು. ಎರಡು ವಾರವೂ ಆಗಿಲ್ಲ. ಮೊದಲು ಚೆನ್ನಾಗಿಯೇ ಇದ್ದಳು. ಈಗ ರಾತ್ರಿಯಿಡೀ ನಿದ್ದೆ ಇಲ್ಲ. ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಅನ್ನುತ್ತಾಳೆ. ಬಾವಿಕಟ್ಟೆಯಿಂದ ಯಾರೋ ಕರೆಯುತ್ತಾರಂತೆ. ಹಿರಿಯರು ಜಿನ್ನ್ ಅಂತ ತೀರ್ಮಾನ ಮಾಡಿಯಾಗಿದೆ. ಒಬ್ಬರು ಬಂದು ನೂಲು ಕಟ್ಟಿ, ನೀರು ಊದಿ ಕೊಟ್ಟು ಹೋದರು. ಶುಕ್ರವಾರ ಮತ್ತೆ ಬರುತ್ತಾರಂತೆ. ಡಾಕ್ಟರಿಗೆ ತೋರಿಸೋಣ ಅಂದರೆ "ಹುಚ್ಚಿ ಅಂತ ಹೆಸರು ಬೀಳುತ್ತದೆ" ಅಂತ ಮಾಮಿ ಅಳುತ್ತಾರೆ.

ನೇರಮಾತು: ಜಿನ್ನ್ ಅಂತ ಒಂದಿಲ್ಲ ಅಂತ ಮೊದಲು ಆ ಮನೆಯವರಿಗೆ ಹೇಳಿ. ಇಲ್ಲದಿದ್ದರೆ ನೂಲಿನವನ ಜೇಬು ತುಂಬುತ್ತಲೇ ಇರುತ್ತದೆ.

ಬ್ಯಾರ್ತಿ_ಉಳ್ಳಾಲ: ಹೇಳಿ ನೋಡಿ. ಆಮೇಲೆ ಆ ಮನೆಯಲ್ಲಿ ನಿಮ್ಮ ಮಾತು ಯಾರು ಕೇಳುತ್ತಾರೆ? ಕುರ್‌ಆನಿನ 72ನೇ ಅಧ್ಯಾಯದ ಹೆಸರೇ ಅಲ್ ಜಿನ್ನ್. ನಂಬುವವರಿಗೆ ಅದು ವಾದದ ವಿಷಯವೇ ಅಲ್ಲ, ನನಗೂ ಅಲ್ಲ. ಆದರೆ ಜಿನ್ನ್ ಇದೆ ಅನ್ನುವುದು ಬೇರೆ. ನಿದ್ದೆಗೆಟ್ಟ ಬಾಣಂತಿಯ ಮೈಮೇಲೆ ಈಗ ಅದೇ ಕೂತಿದೆ ಅಂತ ಚಾವಡಿಯಲ್ಲಿ ಚಾ ಕುಡಿಯುತ್ತಾ ಹೇಳುವುದು ಬೇರೆ. ಮೈಯೊಳಗೆ ಸೇರುತ್ತದೆಯಾ ಅನ್ನುವ ಬಗ್ಗೆಯೇ ಹಳೆಯ ಕಾಲದಲ್ಲಿ ಜಗಳ ಇತ್ತು. ಮುಅತಝಿಲಾ ಪಂಥದ ಹಲವರು ಒಪ್ಪಲೇ ಇಲ್ಲ.

ಕಾಪು_ಕಡಲು: ಮುಅತಝಿಲಾಗಳನ್ನು ಇಲ್ಲಿ ಎಳೆಯಬೇಡಿ, ಅವರು ನಮ್ಮ ದಾರಿಯವರಲ್ಲ. 2ನೇ ಅಧ್ಯಾಯದ 275ನೇ ವಚನ ಓದಿ. ಬಡ್ಡಿ ತಿನ್ನುವವನು ಸೈತಾನ ಮುಟ್ಟಿ ಬುದ್ಧಿಗೆಟ್ಟವನ ಹಾಗೆ ಏಳುತ್ತಾನೆ ಅಂತ ಇದೆ. ಕುರ್‌ಆನಿನ ಆಯತುಲ್ ಕುರ್ಸಿ, ಫಲಕ್, ನಾಸ್ ಭಾಗಗಳನ್ನು ಓದಿದರೆ ಎಷ್ಟೋ ಜನಕ್ಕೆ ಸಮಾಧಾನ ಆಗುವುದು ಸುಳ್ಳಾ?

ಮನೋವೈದ್ಯೆ_ಉಡುಪಿ: ಬಂದರ್‌ಹುಡುಗ, ಇವರ ಜಗಳ ಇರಲಿ, ಮೊದಲು ಇದನ್ನು ಓದಿ. ಹೆರಿಗೆಯಾದ ಹೊಸದರಲ್ಲಿ ನಿದ್ದೆ ಹಾರುವುದು, ಇಲ್ಲದ ದನಿ ಕೇಳುವುದು, ಮಗು ನನ್ನದಲ್ಲ ಅನ್ನುವುದು, ಇವೆಲ್ಲ ಬಾಣಂತಿ ಸನ್ನಿಯ ಲಕ್ಷಣ. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಇದು ತುರ್ತು ಕಾಯಿಲೆ. ಶುಕ್ರವಾರದ ತನಕ ಕಾಯಬೇಡಿ, ಇವತ್ತೇ ಹೋಗಿ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಆದರೂ ಸರಿ, ಮನೋವೈದ್ಯರಿರುವ ಬೇರೆ ಆಸ್ಪತ್ರೆಯಾದರೂ ಸರಿ. ಅಲ್ಲಿಯ ತನಕ ಅವಳನ್ನು ಒಂಟಿಯಾಗಿ ಬಿಡಬೇಡಿ, ಮಗುವಿನ ಜೊತೆ ಒಬ್ಬಳನ್ನೇ ಅಂತೂ ಬಿಡಲೇಬೇಡಿ. ಬಾವಿಯ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಥೈರಾಯ್ಡ್, ಸೋಂಕು ಕೂಡ ನೋಡಬೇಕಾಗುತ್ತದೆ.

ನೂಲು ಕೈಯಲ್ಲೇ ಇರಲಿ. ನಾನು ಯಾರದ್ದೂ ಬಿಚ್ಚಿಸುವುದಿಲ್ಲ. ಒಮ್ಮೆ ಎಂಆರ್‌ಐಗೆ ಮಾತ್ರ ಲೋಹದ ತಾಯತ ತೆಗೆಯಬೇಕಾಯಿತು. ಆ ಹುಡುಗಿಯ ಅಜ್ಜಿ ಅದನ್ನು ಮುಷ್ಟಿಯಲ್ಲಿ ಹಿಡಿದು, ಮುಗಿಯುವ ತನಕ ಬಾಗಿಲಿನ ಹೊರಗೆ ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ನೇರಮಾತು: ಡಾಕ್ಟರೇ ಹೀಗೆ ಹೇಳಿದರೆ ಮುಗಿಯಿತು. ತಮಿಳುನಾಡಿನ ಏರ್ವಾಡಿ ನೆನಪಿಲ್ವಾ? 2001ರ ಆಗಸ್ಟ್ 6. ದರ್ಗಾಕ್ಕೆ ಅಂತ ಬಂದವರನ್ನು ಇಟ್ಟುಕೊಳ್ಳುವ ಒಂದು ಖಾಸಗಿ ಕೇಂದ್ರಕ್ಕೆ ಬೆಂಕಿ ಬಿತ್ತು. ಸಂಕೋಲೆ ಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಆಮೇಲೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಕೋಲೆಯನ್ನೇ ನಿಷೇಧಿಸಿತು. "ಇರಲಿ ಬಿಡಿ" ಅಂದಿದ್ದಕ್ಕೇ ಅಲ್ವಾ ಅಲ್ಲಿಯ ತನಕ ಹೋದದ್ದು?

ಕೋಲದಮನೆ: ದರ್ಗಾದ ಕಡೆ ಮಾತ್ರ ಬೆರಳು ತೋರಿಸಬೇಡಿ ಮಾರಾಯ್ರೆ. ನಮ್ಮಲ್ಲಿ ಕುಲೆ, ಅಂದರೆ ಪ್ರೇತ, ಹಿಡಿಯಿತು ಅಂತ ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವುದಿಲ್ವಾ? ನನ್ನ ದೊಡ್ಡಪ್ಪನ ಮಗನಿಗೆ ಫಿಟ್ಸ್ ಬರುತ್ತಿತ್ತು. ನಾಗದೋಷ ಅಂದರು, ಆಶ್ಲೇಷಾ ಬಲಿ ಆಯಿತು. ಫಿಟ್ಸ್ ನಿಂತದ್ದು ಮಾತ್ರೆಗೆ. ದೊಡ್ಡಮ್ಮ ಈಗಲೂ ಬಲಿಯಿಂದಲೇ ಅನ್ನುತ್ತಾರೆ. ಅನ್ನಲಿ. ಮಾತ್ರೆ ಒಂದು ಹೊತ್ತೂ ತಪ್ಪಿಸುವುದಿಲ್ಲ, ಅವರೇ ಕೊಡುವುದು.

ಬ್ಯಾರ್ತಿ_ಉಳ್ಳಾಲ: ಕಾಪು ಅಣ್ಣ, ಪ್ರವಾದಿಯವರ ನಡೆನುಡಿಯ ಸಂಗ್ರಹ ಬುಖಾರಿಯಲ್ಲಿ ಮೂರ್ಛೆ ಬರುವ ಒಬ್ಬ ಹೆಂಗಸಿನ ಹದೀಸ್ ಉಂಟಲ್ಲ. ಬೀಳುವಾಗ ಬಟ್ಟೆ ಸರಿಯುತ್ತದೆ, ದುಆ ಮಾಡಿ ಅಂತ ಪ್ರವಾದಿಯವರ ಹತ್ತಿರ ಬಂದಳು. ಅವಳನ್ನು ಹೊಡೆದರಾ? ಮೆಣಸಿನ ಹೊಗೆ ಹಾಕಿದರಾ? ಅಬೂದಾವೂದ್ ಅನ್ನುವ ಇನ್ನೊಂದು ಸಂಗ್ರಹದಲ್ಲೂ ಒಂದಿದೆ: ಚಿಕಿತ್ಸೆ ಮಾಡಿಸಿಕೊಳ್ಳಿ, ಮುದಿತನ ಒಂದು ಬಿಟ್ಟು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹು ಇಟ್ಟಿಲ್ಲ ಅಂತ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗ ಇತ್ತು. ಅವರ ಈಮಾನ್, ನಂಬಿಕೆ, ಏನೂ ಕಡಿಮೆ ಇರಲಿಲ್ಲ.

ಕಾಪು_ಕಡಲು: ಹೊಡೆಯುವವರ ಪರ ನಾನಿಲ್ಲ. ಆದರೆ ಡಾಕ್ಟರುಗಳ ಕಥೆಯೂ ಕೇಳಿ. ನನ್ನ ತಂಗಿಗೆ ಬೆಳಗಿನ ಜಾವ ಎಚ್ಚರ ಆಗುತ್ತಿತ್ತು, ಕೈಕಾಲು ಅಲ್ಲಾಡುತ್ತಿರಲಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಜಿನ್ನ್ ಇರಬಹುದಾ ಅಂತ ಕೇಳಿದಳು. ಅವರು ನಕ್ಕುಬಿಟ್ಟರು. ಅವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮನೋವೈದ್ಯೆ_ಉಡುಪಿ: ನಗಬಾರದಿತ್ತು. ಕನಸು ಬೀಳುವ ನಿದ್ದೆಯಲ್ಲಿ ಮೆದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಕೆಲವೊಮ್ಮೆ ಮನಸ್ಸಿಗೆ ಎಚ್ಚರ ಆದರೂ ಮೈಗೆ ಆಗಿರುವುದಿಲ್ಲ. ಕನಸಿನ ಚೂರು ಕಣ್ಣೆದುರೇ ಉಳಿಯುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಬಂದರ್‌ಹುಡುಗ: ಮೊಹಲ್ಲಾದ ಮಸೀದಿಯ ಖತೀಬರಿಗೆ (ಪ್ರವಚನ ಮಾಡುವ ಗುರುಗಳಿಗೆ) ಫೋನ್ ಮಾಡಿದೆ. "ಮೊದಲು ಆಸ್ಪತ್ರೆ. ಓದುವುದನ್ನು ನಾನು ಅಲ್ಲಿಗೇ ಬಂದು ಓದುತ್ತೇನೆ" ಅಂತ ಮಾಮಿಯ ಹತ್ತಿರ ಅವರೇ ಮಾತಾಡಿದರು. ಈಗ ಹೊರಡುತ್ತಿದ್ದೇವೆ.

ನೇರಮಾತು: ಅಂದರೆ ಆಸ್ಪತ್ರೆಗೆ ಹೋಗಲೂ ಖತೀಬರ ಅಪ್ಪಣೆ ಬೇಕು.

ಬ್ಯಾರ್ತಿ_ಉಳ್ಳಾಲ: ಆ ಮನೆಯಲ್ಲಿ ಬೇಕು. ನೀವು ಹೋಗಿ ಹೊರಡಿಸುತ್ತಿದ್ದಿರಾ?

ಮನೋವೈದ್ಯೆ_ಉಡುಪಿ: ಹೆರಿಗೆಯ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ, ಔಷಧಿ ಅದನ್ನು ನೋಡಿ ಆರಿಸುತ್ತಾರೆ. ಇನ್ನೊಂದು ಮಗು ಆಗುವಾಗಲೂ ಈ ವಿಷಯ ಡಾಕ್ಟರಿಗೆ ತಿಳಿಸಬೇಕು, ಮರುಕಳಿಸುವ ಸಾಧ್ಯತೆ ಜಾಸ್ತಿ. ಆಮೇಲೆ ಮನೆಯವರಿಗೆ ಮಾತಾಡಲು ಯಾರಾದರೂ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಸಿಗುತ್ತದೆ.